ಡೇನಿಯಲ್ ಓಕಾನೆಲ್: ಸಂಸದರೊಬ್ಬರ ಬದುಕಿನಲ್ಲಿ ಧರ್ಮಸಭೆಯ ಸ್ವಾತಂತ್ರ್ಯದ ಪ್ರಶ್ನೆ

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಡಿಸೆಂಬರ್ 7ರಂದು ಪ್ರಕಟಿಸಿದ ‘ದಿಗ್ನಿತಾತಿಸ್ ಹುಮಾನೆ’ ಘೋಷಣೆಯನ್ನು ಪಾಠ ಮಾಡುವಾಗ ಅದರ ಹಿನ್ನೆಲೆಯಾಗಿ ನಾವು ಸಾಮಾನ್ಯವಾಗಿ ಹೆಸರಿಸುವುದು ಅಮೆರಿಕದ ಯೇಸುಸಭೆಯ ಗುರು ಜಾನ್ ಕೋರ್ಟ್ನಿ ಮರ್ರೆಯವರನ್ನು. ಅದು ಸರಿಯೇ. ಆದರೆ ಧಾರ್ಮಿಕ ಸ್ವಾತಂತ್ರ್ಯವು ಧರ್ಮಸಭೆಯ ಅಧಿಕೃತ ಬೋಧನೆಯಲ್ಲಿ ಸ್ಥಾನ ಪಡೆಯುವುದಕ್ಕೆ ಒಂದು ಶತಮಾನಕ್ಕೂ ಮೊದಲೇ ಅದನ್ನು ನ್ಯಾಯಾಲಯಗಳಲ್ಲಿ, ಚುನಾವಣೆಯ ವೇದಿಕೆಗಳಲ್ಲಿ, ಕೊನೆಗೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ವಾದಿಸಿದ ಶ್ರೀಸಾಮಾನ್ಯ ವಿಶ್ವಾಸಿಯೊಬ್ಬರಿದ್ದರು. ಅವರು ಐರ್ಲೆಂಡಿನ ವಕೀಲ ಡೇನಿಯಲ್ ಓಕಾನೆಲ್. ದೈವಶಾಸ್ತ್ರದ ಗ್ರಂಥವೊಂದನ್ನೂ ಅವರು ಬರೆಯಲಿಲ್ಲ. ಆದ್ದರಿಂದಲೇ ಇರಬೇಕು, ನಮ್ಮ ಪಠ್ಯಗಳಲ್ಲಿ ಅವರ ಹೆಸರು ಕಾಣಿಸುವುದು ಅಪರೂಪ. ಧರ್ಮಸಭೆಯು ಸರ್ಕಾರದಿಂದ ಏನನ್ನು ಕೇಳಬೇಕು, ಸರ್ಕಾರ ತಾನಾಗಿ ಕೊಡಬಂದರೂ ಏನನ್ನು ಒಲ್ಲೆನೆನ್ನಬೇಕು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಬದುಕನ್ನು ಇಲ್ಲಿ ಪರಿಚಯಿಸಲಾಗಿದೆ.

ಓಕಾನೆಲ್ ಜನಿಸಿದ್ದು 1775ರ ಆಗಸ್ಟ್ 6ರಂದು, ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಪ್ರಾಂತದಲ್ಲಿ. ಮಕ್ಕಳಿಲ್ಲದ ದೊಡ್ಡಪ್ಪ ಮೌರಿಸ್ ಅವರನ್ನು ದತ್ತು ಮಗನಂತೆ ಸಾಕಿ ಕಡಲತೀರದ ಡೆರಿನೇನ್ ಮನೆಯಲ್ಲಿ ಬೆಳೆಸಿದರು. ಕಥೋಲಿಕ ಕುಟುಂಬಗಳು ಮಕ್ಕಳನ್ನು ಉನ್ನತ ವ್ಯಾಸಂಗಕ್ಕಾಗಿ ಸಮುದ್ರದಾಚೆ ಕಳುಹಿಸುತ್ತಿದ್ದ ಕಾಲ ಅದು. 1791ರಲ್ಲಿ ಬಾಲಕ ಡೇನಿಯಲ್ ಫ್ರಾನ್ಸಿನ ಸೇಂಟ್ ಓಮೆರ್‌ಗೂ ಬಳಿಕ ದುವೇ ಪಟ್ಟಣದ ಇಂಗ್ಲಿಷ್ ಕಾಲೇಜಿಗೂ ಹೋದರು. ಫ್ರೆಂಚ್ ಕ್ರಾಂತಿ ಅವರ ಓದನ್ನು ಅರ್ಧಕ್ಕೇ ನಿಲ್ಲಿಸಿತು. ದೊರೆ ಹದಿನಾರನೆಯ ಲೂಯಿಯ ಶಿರಚ್ಛೇದನವಾದ 1793ರ ಜನವರಿಯಲ್ಲಿಯೇ ಅವರು ದುವೇಯನ್ನು ಬಿಟ್ಟು ಬ್ರಿಟನ್ನಿಗೆ ಮರಳಬೇಕಾಯಿತು. ಧರ್ಮಸಭೆಯ ಆಸ್ತಿಯ ಮುಟ್ಟುಗೋಲು, ಗುರುಗಳ ಹತ್ಯೆ, ಜನರ ಹೆಸರಿನಲ್ಲಿ ನಡೆದ ರಕ್ತಪಾತ ಇವೆಲ್ಲದರ ಛಾಯೆ ಅವರ ಮನಸ್ಸಿನಿಂದ ಕಡೆಯವರೆಗೂ ಅಳಿಯಲಿಲ್ಲ. 1798ರಲ್ಲಿ, ಅವರು ವಕೀಲರಾಗಿ ದಾಖಲಾದ ವರ್ಷದಲ್ಲೇ, ಸ್ವದೇಶದಲ್ಲಿಯೂ ಬಂಡಾಯವೆದ್ದು ಸಾವಿರಾರು ಜನ ಸತ್ತರು. ಯಾವ ರಾಜಕೀಯ ಸುಧಾರಣೆಯೂ ಒಂದು ಹನಿ ರಕ್ತದ ಬೆಲೆಗೆ ಯೋಗ್ಯವಲ್ಲವೆಂಬ ಅವರ ನಿಲುವು ಈ ಎರಡು ಅನುಭವಗಳಿಂದ ಹುಟ್ಟಿತು.

ಆದರೆ ಯುವಕ ಓಕಾನೆಲ್ ಭಕ್ತ ಕಥೋಲಿಕರಾಗಿರಲಿಲ್ಲ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ ಥಾಮಸ್ ಪೇನ್, ವಿಲಿಯಂ ಗಾಡ್ವಿನ್ ಮೊದಲಾದವರ ಕೃತಿಗಳನ್ನು ಓದಿ, ದೈವಪ್ರಕಟಣೆಯನ್ನೊಪ್ಪದ, ಬರಿಯ ಬುದ್ಧಿಗಮ್ಯ ದೇವರನ್ನಷ್ಟೇ ನಂಬುವ ಪಂಥದತ್ತ ಅವರು ಒಲಿದಿದ್ದರು. 1802ರಲ್ಲಿ ದೊಡ್ಡಪ್ಪನಿಗೆ ತಿಳಿಸದೆ ಮದುವೆಯಾದ ಮೇರಿಯವರ ಪ್ರಾರ್ಥನಾಜೀವನವೇ ಅವರನ್ನು ಮತ್ತೆ ಸಂಸ್ಕಾರಗಳ ಬಳಿಗೆ ಕರೆತಂದಿತು. ಹೀಗೆ ಒಮ್ಮೆ ಬಿಟ್ಟು ಮತ್ತೆ ಹಿಡಿದ ವಿಶ್ವಾಸ ಅವರದು. ಆತ್ಮಸಾಕ್ಷಿಯನ್ನು ಕಾನೂನು ಬಲವಂತಪಡಿಸಲಾರದು, ಬಲವಂತಪಡಿಸಬಾರದು ಎಂಬ ಮಾತು ಅವರ ಬಾಯಲ್ಲಿ ಕೇವಲ ಅಲ್ಪಸಂಖ್ಯಾತನ ಅಳಲಾಗಿರಲಿಲ್ಲ ಎಂಬುದನ್ನು ತಿಳಿಯಲು ಈ ಸಂಗತಿ ಮುಖ್ಯ. ಗಾಡ್ವಿನ್‌ನಿಂದ ಕಲಿತ ಪಾಠವನ್ನು ಅವರು ಬಲಿಪೂಜೆಗೆ ಮರಳಿದ ಮೇಲೂ ಕೈಬಿಡಲಿಲ್ಲ.

ಅಂದಿನ ಕಾನೂನಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹದಿನೆಂಟನೆಯ ಶತಮಾನದ ದಂಡನಾ ಶಾಸನಗಳು ಕಥೋಲಿಕರನ್ನು ಭೂಮಿ, ವಿದ್ಯೆ, ವೃತ್ತಿ, ಅಧಿಕಾರ ಎಲ್ಲದರಿಂದಲೂ ದೂರವಿಟ್ಟಿದ್ದವು. ಅವುಗಳಲ್ಲಿ ಹಲವು ಕ್ರಮೇಣ ಸಡಿಲಗೊಂಡವು. 1792ರಲ್ಲಿ ವಕೀಲಿ ವೃತ್ತಿಯೂ 1793ರಲ್ಲಿ ಮತದಾನದ ಹಕ್ಕೂ ಐರ್ಲೆಂಡಿನ ಕಥೋಲಿಕರಿಗೆ ದೊರೆತವು. ಪಾರ್ಲಿಮೆಂಟಿನ ಬಾಗಿಲು ಮಾತ್ರ ತೆರೆಯಲಿಲ್ಲ. ಅಲ್ಲಿ ಕೂರಬೇಕಾದವರು ಈ ರಾಜ್ಯದಲ್ಲಿ ಯಾವ ವಿದೇಶೀ ಧರ್ಮಾಧಿಕಾರಿಗೂ ಆಧ್ಯಾತ್ಮಿಕ ಅಧಿಕಾರವಿಲ್ಲವೆಂದು ಪ್ರಮಾಣ ಮಾಡಬೇಕಿತ್ತು. ಜೊತೆಗೆ, ರೊಟ್ಟಿ ದ್ರಾಕ್ಷಾರಸಗಳು ಕ್ರಿಸ್ತರ ಶರೀರ ರಕ್ತಗಳಾಗಿ ಮಾರ್ಪಡುವುದಿಲ್ಲವೆಂದೂ, ಮಾತೆ ಮರಿಯಮ್ಮನವರಿಗೂ ಸಂತರಿಗೂ ಮೊರೆಯಿಡುವುದು ಹಾಗೂ ರೋಮಿನ ಧರ್ಮಸಭೆಯ ಬಲಿಪೂಜೆ ಮೂಢನಂಬಿಕೆ, ವಿಗ್ರಹಾರಾಧನೆ ಎಂದೂ ಘೋಷಿಸಬೇಕಿತ್ತು. ಕಥೋಲಿಕರು ಸಂಸದರಾಗಬಾರದೆಂದು ನೇರವಾಗಿ ಹೇಳುವ ಅಗತ್ಯವೇ ಇರಲಿಲ್ಲ. ಈ ಮಾತುಗಳನ್ನು ಉಚ್ಚರಿಸಲಾಗದವರು ತಾವಾಗಿಯೇ ಹೊರಗುಳಿಯುತ್ತಿದ್ದರು.

1800ರ ಜನವರಿ 13ರಂದು ಡಬ್ಲಿನ್ನಿನಲ್ಲಿ ಓಕಾನೆಲ್ ತಮ್ಮ ಮೊದಲ ಸಾರ್ವಜನಿಕ ಭಾಷಣ ಮಾಡಿದರು. ಐರ್ಲೆಂಡಿನ ಪ್ರತ್ಯೇಕ ಪಾರ್ಲಿಮೆಂಟನ್ನು ರದ್ದುಗೊಳಿಸಿ ಬ್ರಿಟನ್ನಿನೊಡನೆ ಸೇರಿಸುವ ಮಸೂದೆಗೆ ವಿರೋಧವಾಗಿ ಆಡಿದ ಭಾಷಣ ಅದು. ಒಕ್ಕೂಟವಾದರೆ ಕಥೋಲಿಕರಿಗೆ ವಿಮೋಚನೆ ಸಿಗುತ್ತದೆ ಎಂಬ ಆಶೆಯನ್ನು ಪ್ರಧಾನಿ ಪಿಟ್ಟರ ಕಡೆಯವರು ತೋರಿಸಿದ್ದರು, ಅನೇಕ ಧರ್ಮಾಧ್ಯಕ್ಷರೂ ಅದನ್ನು ನಂಬಿದ್ದರು. ಓಕಾನೆಲ್ ನಂಬಲಿಲ್ಲ. ದೇಶದ ಪಾರ್ಲಿಮೆಂಟನ್ನು ಮಾರಿ ಪಡೆಯುವ ಸೌಲಭ್ಯಕ್ಕಿಂತ ಹಳೆಯ ದಂಡನಾ ಶಾಸನಗಳೇ ಮರಳಿ ಬರಲಿ ಎಂಬರ್ಥದಲ್ಲಿ ಅವರು ಮಾತನಾಡಿದರು. 1801ರ ಜನವರಿ 1ರಂದು ಒಕ್ಕೂಟವಾಯಿತು. ಪಟ್ಟಾಭಿಷೇಕದ ಪ್ರತಿಜ್ಞೆಗೆ ಭಂಗ ಬರುತ್ತದೆಂದು ದೊರೆ ಮೂರನೆಯ ಜಾರ್ಜ್ ಹಟ ಹಿಡಿದುದರಿಂದ ವಿಮೋಚನೆಯಾಗಲಿಲ್ಲ.

ವೀಟೊ ವಿವಾದ

ದೈವಶಾಸ್ತ್ರದ ದೃಷ್ಟಿಯಿಂದ ಓಕಾನೆಲ್ಲರ ಬದುಕಿನ ಅತ್ಯಂತ ಮಹತ್ವದ ಘಟ್ಟ ಅವರು ಸಂಸದರಾಗುವುದಕ್ಕೆ ಮೊದಲೇ ಬರುತ್ತದೆ. 1808ರಿಂದ ಸುಮಾರು ಏಳೆಂಟು ವರ್ಷ ಕಥೋಲಿಕ ಸಮುದಾಯವನ್ನು ಸೀಳಿದ ‘ವೀಟೊ’ ವಿವಾದವೆಂದರೆ ಇಷ್ಟು: ಕಥೋಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆಯಬಹುದು, ಅದಕ್ಕೆ ಪ್ರತಿಯಾಗಿ ಧರ್ಮಾಧ್ಯಕ್ಷರ ನೇಮಕದಲ್ಲಿ ಸರ್ಕಾರಕ್ಕೆ ಬೇಡದ ಹೆಸರನ್ನು ತಳ್ಳಿಹಾಕುವ ಅಧಿಕಾರ ಬ್ರಿಟಿಷ್ ದೊರೆಗೆ ಇರಬೇಕು. ಗುರುಗಳಿಗೆ ಸರ್ಕಾರಿ ಖಜಾನೆಯಿಂದ ವೇತನ ಕೊಡುವ ಮಾತೂ ಆಗಾಗ ಇದರ ಜೊತೆಗೆ ಸೇರಿಕೊಳ್ಳುತ್ತಿತ್ತು. ಮೇಲ್ನೋಟಕ್ಕೆ ಇದು ಅನ್ಯಾಯದ ಷರತ್ತೆಂದು ಅಂದಿನವರಿಗೆ ತೋರಲಿಲ್ಲ. ಯೂರೋಪಿನ ಬಹುತೇಕ ಕಥೋಲಿಕ ಅರಸರು ಇದಕ್ಕಿಂತ ಹೆಚ್ಚಿನ ಅಧಿಕಾರವನ್ನು ಅನುಭವಿಸುತ್ತಿದ್ದರು. ಪೋರ್ಚುಗಲ್ಲಿನ ಪದ್ರುವಾದೊ ಹಕ್ಕು ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಎಬ್ಬಿಸಿದ ಜಗಳಗಳನ್ನು ಬಲ್ಲ ಓದುಗರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಿಲ್ಲ. ಕಥೋಲಿಕ ದೊರೆಗೆ ಕೊಟ್ಟದ್ದನ್ನು ಪ್ರಾಟೆಸ್ಟೆಂಟ್ ದೊರೆಗೆ ತುಸು ಕಡಿಮೆ ಮಾಡಿ ಕೊಟ್ಟರೆ ತಪ್ಪೇನೆಂದು ಇಂಗ್ಲೆಂಡಿನ ಕಥೋಲಿಕ ಶ್ರೀಮಂತರು ಕೇಳಿದರು. ವಿಮೋಚನೆಯ ಪರವಾಗಿ ಪಾರ್ಲಿಮೆಂಟಿನಲ್ಲಿ ದಶಕಗಳ ಕಾಲ ದುಡಿದ ಪ್ರಾಟೆಸ್ಟೆಂಟ್ ಧುರೀಣ ಹೆನ್ರಿ ಗ್ರ್ಯಾಟನ್ ಅವರೂ ಇಂತಹ ಭದ್ರತೆಗಳಿಗೆ ಒಪ್ಪಿದ್ದರು.

ಐರ್ಲೆಂಡಿನ ಧರ್ಮಾಧ್ಯಕ್ಷರು 1808ರಲ್ಲಿ ವೀಟೊವನ್ನು ತಿರಸ್ಕರಿಸಿದರು. ಓಕಾನೆಲ್ ಅವರ ಬೆನ್ನಿಗೆ ನಿಂತರು. ಪ್ರಶ್ನೆ ಕಠಿಣವಾದದ್ದು 1814ರಲ್ಲಿ. ಜಗದ್ಗುರು ಏಳನೆಯ ಪಯಸ್ ನೆಪೋಲಿಯನ್ನನ ಸೆರೆಯಲ್ಲಿದ್ದರು. ಅವರ ಗೈರುಹಾಜರಿಯಲ್ಲಿ ರೋಮಿನ ಧರ್ಮಪ್ರಸಾರ ಪೀಠದ ಹೊಣೆ ಹೊತ್ತಿದ್ದ ಮೊನ್ಸಿಞೊರ್ ಕ್ವಾರಾಂತೊತ್ತಿ ಎಂಬವರು ಸರ್ಕಾರದ ಷರತ್ತುಗಳನ್ನು ಕಥೋಲಿಕರು ಕೃತಜ್ಞತೆಯಿಂದ ಸ್ವೀಕರಿಸಬಹುದೆಂದು ಪತ್ರ ಬರೆದರು. ಆ ಪತ್ರ ಐರ್ಲೆಂಡಿನಲ್ಲಿ ಸಿಡಿಲಿನಂತೆ ಎರಗಿತು. ಮರುವರ್ಷ, ಜಗದ್ಗುರುಗಳು ಬಿಡುಗಡೆಯಾದ ಮೇಲೆ, ಕಾರ್ಡಿನಲ್ ಲಿತ್ತಾ ಅವರ ಮೂಲಕ ಬಂದ ಪತ್ರವೂ ಸೀಮಿತ ರೂಪದ ವೀಟೊಗೆ ಅವಕಾಶ ಕೊಡುವಂತಿತ್ತು. ಈಗ ಐರ್ಲೆಂಡಿನ ಕಥೋಲಿಕರು ರೋಮಿಗಿಂತ ಹೆಚ್ಚು ಕಥೋಲಿಕರಾಗಬೇಕೇ?

ಓಕಾನೆಲ್ಲರ ಉತ್ತರದಲ್ಲಿ ಎರಡು ಎಳೆಗಳಿದ್ದವು. ವಿಶ್ವಾಸದ ವಿಷಯದಲ್ಲಿ ರೋಮಿನ ಬೋಧನೆಗೆ ತಲೆಬಾಗುವೆ, ರಾಜಕೀಯವನ್ನು ಮಾತ್ರ ರೋಮಿನಿಂದ ಕಲಿಯಲಾರೆ ಎಂಬುದು ಮೊದಲನೆಯದು. ತಮ್ಮ ಸಹಜ ಚುರುಕಿನಿಂದ ಅವರು ಇದನ್ನು ಹೇಳಿದ ರೀತಿ ಹಲವು ಗುರುಗಳಿಗೆ ಕಹಿಯಾಯಿತು. ಎರಡನೆಯ ಎಳೆ ಹೆಚ್ಚು ಆಳವಾದದ್ದು. ಸರ್ಕಾರದ ಒಪ್ಪಿಗೆಯ ಮೇಲೆ ಆಯ್ಕೆಯಾದ ಧರ್ಮಾಧ್ಯಕ್ಷರನ್ನು ಬಡ ಒಕ್ಕಲಿಗರು ಕುರುಬರೆಂದು ಎಂದಿಗೂ ನಂಬುವುದಿಲ್ಲ; ಆಡಳಿತದ ಮೆಚ್ಚುಗೆ ಗಳಿಸುವವರೇ ಕ್ರಮೇಣ ಪೀಠಗಳಿಗೆ ಬರುತ್ತಾರೆ; ಗುರುಗಳು ಅಧಿಕಾರಿಗಳಾಗುತ್ತಾರೆ; ಜನರು ದೂರ ಸರಿಯುತ್ತಾರೆ. ಇದು ಅವರ ವಾದದ ತಿರುಳು. ಕ್ರಾಂತಿಯ ಮುನ್ನ ಫ್ರಾನ್ಸಿನಲ್ಲಿ ಅರಸನ ಆಸ್ಥಾನಕ್ಕೆ ಹತ್ತಿರವಾಗಿದ್ದ ಧರ್ಮಸಭೆ ಜನರಿಗೆ ಎಷ್ಟು ದೂರವಾಗಿತ್ತೆಂಬುದನ್ನು ಅಲ್ಲಿಯೇ ಓದಿದ ಹುಡುಗನಾಗಿ ಅವರು ಕಂಡಿದ್ದರು. ಈ ಹಟದ ಬೆಲೆ ಸಣ್ಣದಾಗಿರಲಿಲ್ಲ. ಕಥೋಲಿಕ ಶ್ರೀಮಂತರು ಚಳವಳಿಯಿಂದ ಹೊರನಡೆದರು, ಪಾರ್ಲಿಮೆಂಟಿನ ಮಿತ್ರರು ಬೇಸತ್ತರು, ಸುಮಾರು ಒಂದು ದಶಕ ಚಳವಳಿಯೇ ನಿಸ್ತೇಜವಾಯಿತು. 1829ರಲ್ಲಿ ವಿಮೋಚನೆಯಾದಾಗ ಆ ಶಾಸನದಲ್ಲಿ ವೀಟೊ ಇರಲಿಲ್ಲ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಆಡಳಿತಗಾರರು ಕೊಡುವ ಸವಲತ್ತುಗಳಲ್ಲಿ ಧರ್ಮಸಭೆ ತನ್ನ ಭರವಸೆಯನ್ನಿಡುವುದಿಲ್ಲವೆಂದು ಮಹಾಸಭೆಯ ‘ಗೌದಿಯುಂ ಎತ್ ಸ್ಪೆಸ್’ ತನ್ನ 76ನೆಯ ಪರಿಚ್ಛೇದದಲ್ಲಿ ಹೇಳುವುದನ್ನು ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಇದೇ 1815ನೆಯ ವರ್ಷ ಅವರ ಖಾಸಗಿ ಬದುಕಿನ ಅತ್ಯಂತ ಕಹಿ ವರ್ಷವೂ ಹೌದು. ಡಬ್ಲಿನ್ ನಗರಸಭೆಯನ್ನು ಅವರು ಭಾಷಣವೊಂದರಲ್ಲಿ ಹೀನೈಸಿದ್ದರಿಂದ ಅದರ ಸದಸ್ಯ ಡೆಸ್ಟರ್ ಎಂಬವರು ದ್ವಂದ್ವಯುದ್ಧಕ್ಕೆ ಕರೆದರು. ಫೆಬ್ರುವರಿ 1ರಂದು ಓಕಾನೆಲ್ಲರ ಗುಂಡು ತಗುಲಿದ ಡೆಸ್ಟರ್ ಎರಡು ದಿನಗಳಲ್ಲಿ ತೀರಿಕೊಂಡರು. ದ್ವಂದ್ವಯುದ್ಧವನ್ನು ಧರ್ಮಸಭೆ ಕಟ್ಟುನಿಟ್ಟಾಗಿ ನಿಷೇಧಿಸಿತ್ತು. ಮಾನವಂತರೆನಿಸಿಕೊಂಡವರ ಸಮಾಜ ಅದನ್ನೇ ಬಯಸುತ್ತಿತ್ತು. ಓಕಾನೆಲ್ ಆ ದಿನ ಸಮಾಜದ ಮಾತಿಗೆ ಮಣಿದರು. ತಮ್ಮ ಆದಾಯದಲ್ಲಿ ಪಾಲು ಕೊಡಲು ಮುಂದಾದಾಗ ವಿಧವೆ ಒಪ್ಪಲಿಲ್ಲ. ಮಗಳಿಗೆ ಒಂದು ವಾರ್ಷಿಕ ಮೊತ್ತವನ್ನು ಅವರು ಸಾಯುವವರೆಗೂ ಸಲ್ಲಿಸುತ್ತಿದ್ದರು. ಆ ಬಳಿಕ ಪರಮಪ್ರಸಾದ ಸ್ವೀಕರಿಸಲು ಹೋಗುವಾಗ ಗುಂಡು ಹಾರಿಸಿದ ಬಲಗೈಯನ್ನು ಕೈಚೀಲದಿಂದ ಮುಚ್ಚಿಕೊಳ್ಳುತ್ತಿದ್ದರೆಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ.

ಒಂದು ಪೆನ್ನಿಯ ವಂತಿಗೆ

1823ರಲ್ಲಿ ಓಕಾನೆಲ್ ಕಥೋಲಿಕ ಸಂಘವನ್ನು ಸ್ಥಾಪಿಸಿದರು. ಮೊದಲ ತಿಂಗಳುಗಳಲ್ಲಿ ಸಭೆಗೆ ಬೇಕಾದ ಹತ್ತು ಜನರನ್ನು ಸೇರಿಸುವುದೇ ಕಷ್ಟವಾಗಿತ್ತು. ಮರುವರ್ಷ ಅವರು ಮಂಡಿಸಿದ ಯೋಜನೆ ಎಲ್ಲವನ್ನೂ ಬದಲಿಸಿತು: ತಿಂಗಳಿಗೆ ಒಂದು ಪೆನ್ನಿ ಕೊಡುವ ಯಾವ ಬಡವರೂ ಸಂಘದ ಸಹಸದಸ್ಯರು. ಭಾನುವಾರ ಬಲಿಪೂಜೆಯ ನಂತರ ದೇವಾಲಯದ ಬಾಗಿಲಲ್ಲಿ ಈ ವಂತಿಗೆ ಸಂಗ್ರಹವಾಗುತ್ತಿತ್ತು. ಗುರುಗಳಿಗೆ ಸಂಘದಲ್ಲಿ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯಿತು. ಶತಮಾನಗಳಿಂದ ಮೇಲಿನವರ ಕರುಣೆಯನ್ನು ಬೇಡುತ್ತಿದ್ದ ಜನ ತಮ್ಮ ಕೈಯಿಂದಲೇ ಒಂದು ಪೆನ್ನಿ ಕೊಟ್ಟು ತಮ್ಮ ಹಕ್ಕಿನ ವಾದಕ್ಕೆ ಪಾಲುದಾರರಾದರು. ಸಂಗ್ರಹವಾದ ಹಣ ದೊಡ್ಡದೇ. ಜಮೀನ್ದಾರರಿಂದ ಕಿರುಕುಳಕ್ಕೊಳಗಾದ ಒಕ್ಕಲಿಗರ ಪರವಾಗಿ ನ್ಯಾಯಾಲಯದಲ್ಲಿ ಹೋರಾಡಲು ಅದರ ಒಂದು ಭಾಗ ಬಳಕೆಯಾಯಿತು.

1828ರಲ್ಲಿ ಕ್ಲೇರ್ ಪ್ರಾಂತದ ಸಂಸದ ವೀಸಿ ಫಿಟ್ಜೆರಾಲ್ಡ್ ಮಂತ್ರಿಯಾದರು. ಅಂದಿನ ನಿಯಮದಂತೆ ಮಂತ್ರಿಯಾದವರು ಮತ್ತೆ ಚುನಾಯಿತರಾಗಬೇಕಿತ್ತು. ಫಿಟ್ಜೆರಾಲ್ಡ್ ಒಳ್ಳೆಯ ಜಮೀನ್ದಾರರು, ಕಥೋಲಿಕರ ವಿಮೋಚನೆಯ ಪರವಾಗಿಯೇ ಮತ ಹಾಕುತ್ತಿದ್ದವರು. ಅವರ ವಿರುದ್ಧ ನಿಲ್ಲುವುದು ಕೃತಘ್ನತೆಯೆಂದು ಹಲವರು ಹೇಳಿದರು. ಆದರೆ ಪ್ರಶ್ನೆ ವ್ಯಕ್ತಿಯದಾಗಿರಲಿಲ್ಲ. ಕಥೋಲಿಕರು ಚುನಾವಣೆಗೆ ಸ್ಪರ್ಧಿಸಬಾರದೆಂದು ಯಾವ ಕಾನೂನೂ ಹೇಳಿರಲಿಲ್ಲ. ಪ್ರಮಾಣವಚನ ಅಡ್ಡಬರುವುದು ಗೆದ್ದ ಮೇಲೆಯೇ. ಓಕಾನೆಲ್ ತಾವೇ ಅಭ್ಯರ್ಥಿಯಾದರು.

ಅಂದು ಗುಪ್ತ ಮತದಾನ ಇರಲಿಲ್ಲ. ಜಮೀನ್ದಾರರ ಕಣ್ಣೆದುರೇ ಮತದಾರ ತನ್ನ ಆಯ್ಕೆಯನ್ನು ಕೂಗಿ ಹೇಳಬೇಕು; ಬೇಡದ ಹೆಸರು ಹೇಳಿದರೆ ಒಕ್ಕಲೆಬ್ಬಿಸುವ ಭಯ. ಈ ಮತದಾರರಲ್ಲಿ ಬಹುಪಾಲು ‘ನಲವತ್ತು ಶಿಲಿಂಗ್ ಹಿಡುವಳಿದಾರರು’, ಅಂದರೆ ವರ್ಷಕ್ಕೆ ಅಷ್ಟು ಮೌಲ್ಯದ ತುಂಡುಭೂಮಿಯನ್ನು ಹಿಡಿದಿದ್ದ ಬಡ ರೈತರು. ಜುಲೈ ತಿಂಗಳಲ್ಲಿ ಅವರು ತಮ್ಮ ಧರ್ಮಕೇಂದ್ರಗಳ ಗುರುಗಳನ್ನು ಮುಂದಿಟ್ಟುಕೊಂಡು ಸಾಲುಸಾಲಾಗಿ ಎನ್ನಿಸ್ ಪಟ್ಟಣಕ್ಕೆ ಬಂದರು. ಮದ್ಯ ಮುಟ್ಟಬಾರದೆಂಬ ಕಟ್ಟಪ್ಪಣೆಯಿತ್ತು, ಜನ ಅದನ್ನು ಪಾಲಿಸಿದರು. ಅಷ್ಟು ದೊಡ್ಡ ಜನಸಂದಣಿಯಲ್ಲಿ ಗಲಭೆ ನಡೆಯಲಿಲ್ಲವೆಂಬುದೇ ಸರ್ಕಾರವನ್ನು ಹೆಚ್ಚು ಬೆಚ್ಚಿಬೀಳಿಸಿತು. ಓಕಾನೆಲ್ಲರಿಗೆ 2,057 ಮತಗಳು, ಫಿಟ್ಜೆರಾಲ್ಡರಿಗೆ 982.

ಗುರುಗಳ ಈ ಪಾತ್ರವನ್ನು ನಾವು ಹೇಗೆ ನೋಡಬೇಕು? ಇಂದಿನ ಧರ್ಮಸಭೆಯ ಕಾನೂನು ಸಂಹಿತೆಯ 285ನೆಯ ಮತ್ತು 287ನೆಯ ವಿಧಿಗಳು ಯಾಜಕರು ರಾಜ್ಯಾಧಿಕಾರದ ಹುದ್ದೆಗಳನ್ನು ವಹಿಸುವುದನ್ನೂ ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗುವುದನ್ನೂ ತಡೆಯುತ್ತವೆ. ಧರ್ಮಸಭೆಯ ಹಕ್ಕುಗಳ ರಕ್ಷಣೆ ಅಥವಾ ಸಾಮಾನ್ಯ ಹಿತ ಬೇಡಿದಾಗ ಮಾತ್ರ, ಅಧಿಕಾರಸ್ಥರ ವಿವೇಚನೆಯಂತೆ, ಎರಡನೆಯದಕ್ಕೆ ವಿನಾಯಿತಿಯುಂಟು. ಎನ್ನಿಸ್‌ನ ಗುರುಗಳನ್ನು ಈ ವಿನಾಯಿತಿಯ ಬೆಳಕಿನಲ್ಲಿ ಸಮರ್ಥಿಸುವುದು ಕಷ್ಟವಲ್ಲ. ಆದರೂ ಜಮೀನ್ದಾರನ ಮಾತಿನಂತೆ ಮತ ಹಾಕುತ್ತಿದ್ದವರು ಈಗ ಗುರುಗಳ ಮಾತಿನಂತೆ ಹಾಕಿದರು ಎಂಬ ವಿರೋಧಿಗಳ ಟೀಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನನ್ನ ಮಟ್ಟಿಗೆ ಗಮನಾರ್ಹವಾದುದು ಬೇರೆ: ಅಭ್ಯರ್ಥಿ ಗುರುವಾಗಿರಲಿಲ್ಲ, ಸಂಘದ ನಾಯಕತ್ವ ಗುರುಗಳ ಕೈಯಲ್ಲಿರಲಿಲ್ಲ, ತಂತ್ರವನ್ನು ರೂಪಿಸಿದವರು ಶ್ರೀಸಾಮಾನ್ಯರು. ಗುರುಗಳು ಅಲ್ಲಿ ಶ್ರೀಸಾಮಾನ್ಯರೊಬ್ಬರ ಹಿಂದೆ ನಡೆದರು. ನಮ್ಮ ಧರ್ಮಪ್ರಾಂತ್ಯಗಳ ಎಷ್ಟು ಸಮಿತಿಗಳಲ್ಲಿ ಇದು ಇಂದಿಗೂ ಊಹಿಸಬಹುದಾದ ಸಂಗತಿ ಎಂಬುದನ್ನು ಓದುಗರೇ ಯೋಚಿಸಬಹುದು.

ಪ್ರಮಾಣವಚನ ಮತ್ತು ಅದರ ಬೆಲೆ

ಪ್ರಧಾನಿ ವೆಲಿಂಗ್ಟನ್ ಮತ್ತು ಗೃಹಮಂತ್ರಿ ರಾಬರ್ಟ್ ಪೀಲ್ ವಿಮೋಚನೆಯ ಹಳೆಯ ವಿರೋಧಿಗಳು. ಕ್ಲೇರ್‌ನ ನಂತರ ಅಂತರ್ಯುದ್ಧದ ಭಯ ಅವರನ್ನು ಬಗ್ಗಿಸಿತು. 1829ರ ಏಪ್ರಿಲ್ 13ರಂದು ದೊರೆ ನಾಲ್ಕನೆಯ ಜಾರ್ಜ್ ಒಲ್ಲದ ಮನಸ್ಸಿನಿಂದ ಕಥೋಲಿಕ ವಿಮೋಚನಾ ಶಾಸನಕ್ಕೆ ಅಂಕಿತ ಹಾಕಿದರು. ಹೊಸ ಪ್ರಮಾಣವಚನದಲ್ಲಿ ಜಗದ್ಗುರುಗಳ ಲೌಕಿಕ ಅಧಿಕಾರವನ್ನಷ್ಟೇ ನಿರಾಕರಿಸಿದರೆ ಸಾಕಿತ್ತು, ಬಲಿಪೂಜೆಯನ್ನು ಜರೆಯಬೇಕಿರಲಿಲ್ಲ. ಆದರೆ ಈ ಸೌಲಭ್ಯ ಶಾಸನದ ನಂತರ ಆಯ್ಕೆಯಾದವರಿಗೆ ಮಾತ್ರ ಅನ್ವಯಿಸುವಂತೆ ಬರೆಯಲಾಗಿತ್ತು. ಯಾರನ್ನು ಉದ್ದೇಶಿಸಿ ಹಾಗೆ ಬರೆದರೆಂಬುದು ಎಲ್ಲರಿಗೂ ತಿಳಿದಿತ್ತು. ಹೀಗಾಗಿ ಕಾಮನ್ಸ್ ಸಭೆಯಲ್ಲಿ ಮೊದಲು ಕುಳಿತ ಕಥೋಲಿಕರು ಓಕಾನೆಲ್ ಅಲ್ಲ, ನಾರ್ಫೋಕ್ ಡ್ಯೂಕರ ಮಗ ಸರ‍್ರೆಯ ಅರ್ಲ್.

1829ರ ಮೇ 15ರಂದು ಓಕಾನೆಲ್ ಕಾಮನ್ಸ್ ಸಭೆಗೆ ಬಂದಾಗ ಅವರ ಮುಂದೆ ಹಳೆಯ ಪ್ರಮಾಣವಚನವನ್ನೇ ಇಡಲಾಯಿತು. ಅವರು ಒಪ್ಪಲಿಲ್ಲ. ಕೆಲವು ದಿನಗಳ ವಾದವಿವಾದದ ನಂತರ ಸಭೆ ಅವರ ವಿರುದ್ಧ ತೀರ್ಮಾನಿಸಿ ಮತ್ತೊಮ್ಮೆ ಅದೇ ಪತ್ರವನ್ನು ಕೈಗೆ ಕೊಟ್ಟಾಗ ಅದನ್ನು ಓದಿ ಅವರು ಕೊಟ್ಟ ಉತ್ತರ ಎರಡು ಭಾಗದ್ದು: ಇದರಲ್ಲಿ ವಾಸ್ತವ ಸಂಗತಿಯ ಕುರಿತಾದ ಒಂದು ಹೇಳಿಕೆ ಇದೆ, ಅದು ಸುಳ್ಳೆಂದು ಬಲ್ಲೆ, ಅಭಿಪ್ರಾಯಕ್ಕೆ ಸಂಬಂಧಿಸಿದ ಇನ್ನೊಂದು ಹೇಳಿಕೆ ಇದೆ, ಅದು ಸತ್ಯವೆಂದು ನಾನು ನಂಬುವುದಿಲ್ಲ. ನೈತಿಕ ದೈವಶಾಸ್ತ್ರವನ್ನು ಅಭ್ಯಾಸ ಮಾಡುವವರು ಈ ವಿಂಗಡಣೆಯ ನಿಖರತೆಯನ್ನು ಗಮನಿಸಬೇಕು. ಜಗದ್ಗುರುಗಳಿಗೆ ಬ್ರಿಟನ್ನಿನಲ್ಲಿ ಆಧ್ಯಾತ್ಮಿಕ ಅಧಿಕಾರ ‘ಇಲ್ಲ’ ಎಂಬುದು ಕಣ್ಣಿಗೆ ಕಾಣುವ ಸಂಗತಿಗೆ ವಿರುದ್ಧ. ‘ಇರಬಾರದು’ ಎಂಬುದು ವಿಶ್ವಾಸಕ್ಕೆ ವಿರುದ್ಧ. ಮನಸ್ಸಿನಲ್ಲೊಂದು ಅರ್ಥವಿಟ್ಟುಕೊಂಡು ಬಾಯಲ್ಲಿ ಪ್ರಮಾಣ ಉಚ್ಚರಿಸುವ ಹಳೆಯ ಉಪಾಯಕ್ಕೆ ಅವರು ಹೋಗಲಿಲ್ಲ. ಮತ್ತೆ ಚುನಾವಣೆಗೆ ನಿಂತು, ಜುಲೈನಲ್ಲಿ ಅವಿರೋಧವಾಗಿ ಆಯ್ಕೆಯಾಗಿ, 1830ರ ಫೆಬ್ರುವರಿಯಲ್ಲಿ ಆಸನವನ್ನೇರಿದರು.

ಇಷ್ಟಕ್ಕೇ ಕಥೆ ಮುಗಿಸಿದರೆ ಅದು ಸಂತಚರಿತ್ರೆಯಾದೀತು. ವಿಮೋಚನಾ ಶಾಸನದ ಜೊತೆಯಲ್ಲೇ ಇನ್ನೊಂದು ಶಾಸನ ಬಂದಿತ್ತು. ಅದು ಐರ್ಲೆಂಡಿನ ಪ್ರಾಂತಗಳಲ್ಲಿ ಮತದಾನದ ಅರ್ಹತೆಯನ್ನು ನಲವತ್ತು ಶಿಲಿಂಗಿನಿಂದ ಹತ್ತು ಪೌಂಡಿಗೆ ಏರಿಸಿತು. ಎರಡು ಲಕ್ಷವನ್ನು ಮೀರಿದ್ದ ಮತದಾರರ ಸಂಖ್ಯೆ ಸುಮಾರು 37,000ಕ್ಕೆ ಕುಸಿಯಿತು. ಒಕ್ಕಲೆಬ್ಬಿಸುವ ಭಯವನ್ನೂ ಮೀರಿ ಎನ್ನಿಸ್‌ನಲ್ಲಿ ಓಕಾನೆಲ್ ಎಂದು ಕೂಗಿ ಹೇಳಿದ ಬಡ ರೈತರೇ ಮತ ಕಳೆದುಕೊಂಡರು. ಅವರನ್ನು ಬಲಿಕೊಟ್ಟು ವಿಮೋಚನೆ ಪಡೆಯುವುದಿಲ್ಲವೆಂದು ಕ್ಲೇರ್‌ನ ನಂತರ ಸಾರಿದ್ದ ಓಕಾನೆಲ್ ಈಗ ಅದನ್ನು ತಡೆಯಲು ಸಾಕಷ್ಟು ಹೋರಾಡಲಿಲ್ಲ. 1825ರ ಮಸೂದೆಯ ಸಂದರ್ಭದಲ್ಲಿಯೂ ಈ ಷರತ್ತಿಗೆ, ಗುರುಗಳಿಗೆ ಸರ್ಕಾರಿ ವೇತನದ ಷರತ್ತಿಗೂ ಸಹ, ಅವರು ಒಪ್ಪಿದ್ದುಂಟು. ಅಂದು ಮಸೂದೆ ಬಿದ್ದುಹೋದದ್ದರಿಂದ ಪಾರಾದರು. ಧರ್ಮಾಧ್ಯಕ್ಷರ ನೇಮಕದಲ್ಲಿ ಕೂದಲೆಳೆಯಷ್ಟೂ ಬಾಗದವರು ಬಡವರ ಮತದ ವಿಷಯದಲ್ಲಿ ಬಾಗಿದರು. ಅನುಕೂಲಸ್ಥ ಕಥೋಲಿಕರಿಗೆ ಪಾರ್ಲಿಮೆಂಟು, ನ್ಯಾಯಪೀಠ, ಹುದ್ದೆಗಳು ತೆರೆದವು; ಪೆನ್ನಿ ಕೊಟ್ಟವರಿಗೆ ದೊರೆತದ್ದು ಅಭಿಮಾನ ಮಾತ್ರ. ಯೇಸುಸಭೆ ಮೊದಲಾದ ಧಾರ್ಮಿಕ ಸಭೆಗಳ ಮೇಲೆಯೂ ಆ ವಿಮೋಚನಾ ಶಾಸನ ನಿರ್ಬಂಧಗಳನ್ನು ಹೇರಿತ್ತು. ಅವು ಬಹುಮಟ್ಟಿಗೆ ಕಾಗದದಲ್ಲೇ ಉಳಿದವು. ರೈತರ ನಷ್ಟ ಕಾಗದದಲ್ಲಿ ಉಳಿಯಲಿಲ್ಲ.

ಇತರರಿಗಾಗಿ

ಮುಂದಿನ ಹದಿನೇಳು ವರ್ಷ ಅವರು ಕ್ಲೇರ್, ಕೆರಿ, ಡಬ್ಲಿನ್ ನಗರ, ಕಾರ್ಕ್ ಮೊದಲಾದ ಕ್ಷೇತ್ರಗಳಿಂದ ಸಂಸದರಾಗಿದ್ದರು. 1832ರ ಪಾರ್ಲಿಮೆಂಟ್ ಸುಧಾರಣೆ, ದಶಮಾಂಶ ಕಂದಾಯದ ಹೋರಾಟ, ವಿಗ್ ಪಕ್ಷದೊಡನೆ ಹೊಂದಾಣಿಕೆ, 1841ರಲ್ಲಿ ಡಬ್ಲಿನ್ನಿನ ಮೇಯರ್ ಪದವಿ ಇವನ್ನೆಲ್ಲ ಇತಿಹಾಸಕಾರರಿಗೆ ಬಿಡೋಣ. ನಮ್ಮ ಪ್ರಶ್ನೆಗೆ ಸಂಬಂಧಿಸಿದ್ದು, ತಮ್ಮವರಿಗೆ ಸ್ವಾತಂತ್ರ್ಯ ಸಿಕ್ಕಿದ ಮೇಲೆ ಅವರು ಇತರರಿಗಾಗಿ ಏನು ಮಾಡಿದರೆಂಬುದು.

ವಿಮೋಚನೆಗೂ ಮುನ್ನವೇ, 1828ರಲ್ಲಿ, ಆಂಗ್ಲಿಕನ್ ಸಭೆಗೆ ಸೇರದ ಪ್ರಾಟೆಸ್ಟೆಂಟರ ಮೇಲಿದ್ದ ನಿರ್ಬಂಧಗಳನ್ನು ತೆಗೆಯಬೇಕೆಂದು ಐರ್ಲೆಂಡಿನ ಕಥೋಲಿಕರು ಮನವಿ ಸಲ್ಲಿಸಿದ್ದರು. ತಮ್ಮನ್ನು ದ್ವೇಷಿಸುವವರು ಅವರಲ್ಲಿ ಕಡಿಮೆಯಿರಲಿಲ್ಲ. 1829ರಲ್ಲಿ ಲಂಡನ್ನಿನ ಯೆಹೂದ್ಯ ಧುರೀಣ ಐಸಾಕ್ ಗೋಲ್ಡ್‌ಸ್ಮಿಡ್‌ರಿಗೆ ಬರೆದ ಪತ್ರದಲ್ಲಿ ಓಕಾನೆಲ್ ತಮ್ಮ ಬೆಂಬಲ ಸೂಚಿಸಿ, ಕಾಯುತ್ತ ಕೂರದೆ ಪಾರ್ಲಿಮೆಂಟಿನ ಬಾಗಿಲನ್ನು ಬಲವಾಗಿ ತಟ್ಟುವಂತೆ ಸಲಹೆಯಿತ್ತರು. ಆತ್ಮಸಾಕ್ಷಿಯ ಹಕ್ಕು ಮಾನವನ ಹಕ್ಕಾಗಿದ್ದರೆ ಅದು ಯೆಹೂದ್ಯನದೂ ಹೌದು ಎಂಬುದು ಅವರ ತರ್ಕ. ಯೆಹೂದ್ಯರೊಬ್ಬರು ಕಾಮನ್ಸ್ ಸಭೆಯಲ್ಲಿ ಆಸನ ಪಡೆದದ್ದು 1858ರಲ್ಲಿ.

ಗುಲಾಮಗಿರಿಯ ವಿಷಯದಲ್ಲಿ ಅವರು ತೋರಿದ ಹಟ ಇನ್ನೂ ದುಬಾರಿಯಾಗಿತ್ತು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ 1833ರ ಶಾಸನದ ಪರವಾಗಿ ದುಡಿದ ನಂತರ ಅವರು ಅಮೆರಿಕದತ್ತ ತಿರುಗಿದರು. 1840ರಿಂದ ಅವರು ಒಕ್ಕೂಟದ ರದ್ದತಿಗಾಗಿ ಹೊಸ ಚಳವಳಿಯನ್ನು ಕಟ್ಟುತ್ತಿದ್ದರು, ಅದಕ್ಕೆ ಅಮೆರಿಕದ ಐರಿಷ್ ವಲಸಿಗರಿಂದ ಹಣ ಬರುತ್ತಿತ್ತು. ಗುಲಾಮಗಿರಿಯ ವಿರೋಧಿಗಳೊಡನೆ ನಿಲ್ಲುವಂತೆ ಆ ವಲಸಿಗರನ್ನು ಕೋರಿದ, ಸುಮಾರು 60,000 ಸಹಿಗಳುಳ್ಳ ಮನವಿಗೆ ಓಕಾನೆಲ್ ಸಹಿ ಹಾಕಿದರು. ಅದು 1842ರಲ್ಲಿ ಅಮೆರಿಕ ತಲಪಿದಾಗ ನ್ಯೂಯಾರ್ಕಿನ ಧರ್ಮಾಧ್ಯಕ್ಷ ಜಾನ್ ಹ್ಯೂಸ್ ಅದನ್ನು ಪರದೇಶದವರ ಹಸ್ತಕ್ಷೇಪವೆಂದು ಖಂಡಿಸಿದರು. ಗುಲಾಮರ ಒಡೆಯರ ಹಣ ತಮಗೆ ಬೇಡವೆಂದು ಓಕಾನೆಲ್ ಬಹಿರಂಗವಾಗಿ ಹೇಳಿದ ಮೇಲೆ ದಕ್ಷಿಣದ ರಾಜ್ಯಗಳ ಕೆಲವು ಬೆಂಬಲಿಗ ಸಂಘಗಳು ಮುಚ್ಚಿಹೋದವು. ಜಗದ್ಗುರು ಹದಿನಾರನೆಯ ಗ್ರೆಗೊರಿ 1839ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಹೊರಡಿಸಿದ ಪತ್ರವನ್ನು ಅವರು ತಮ್ಮ ವಾದಕ್ಕೆ ಬಳಸಿಕೊಂಡರು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಡಬ್ಲಿನ್ನಿನಲ್ಲಿ ಅವರ ಭಾಷಣವನ್ನು ಕೇಳಿ, ಅದೇ ವೇದಿಕೆಯಿಂದ ತಾವೂ ಮಾತನಾಡಿದರು.

ಅದೇ ಗ್ರೆಗೊರಿಯವರ 1832ರ ‘ಮಿರಾರಿ ವೊಸ್’ ಪರಿಪತ್ರ ಆತ್ಮಸಾಕ್ಷಿಯ ಸ್ವಾತಂತ್ರ್ಯವೆಂಬ ಕಲ್ಪನೆಯನ್ನು ತೀವ್ರವಾಗಿ ಖಂಡಿಸಿತ್ತು. ಅದರ ಗುರಿಯಾದದ್ದು ಓಕಾನೆಲ್ ಅಲ್ಲ, ಅವರನ್ನು ಮಾದರಿಯಾಗಿಟ್ಟುಕೊಂಡಿದ್ದ ಫ್ರಾನ್ಸಿನ ‘ಲಾವೆನೀರ್’ ಪತ್ರಿಕೆಯ ಲಾಮೆನೆ, ಲಾಕೋರ್ದೇರ್ ಮತ್ತು ಮೋಂತಾಲಂಬೇರ್. ಇವರಲ್ಲಿ ಮೋಂತಾಲಂಬೇರ್ 1830ರಲ್ಲಿ ಐರ್ಲೆಂಡಿಗೆ ಬಂದು ಓಕಾನೆಲ್ಲರನ್ನು ಕಂಡಿದ್ದರು. ಲಾಮೆನೆ ಧರ್ಮಸಭೆಯನ್ನು ತೊರೆದರು. ಉಳಿದಿಬ್ಬರು ವಿಧೇಯರಾಗಿ ಒಳಗೇ ಉಳಿದರು. ರೋಮಿನ ಕಣ್ಣಿಗೆ ಸ್ವಾತಂತ್ರ್ಯವೆಂದರೆ ಫ್ರೆಂಚ್ ಕ್ರಾಂತಿ, ಗುರುಗಳ ಹತ್ಯೆ, ಸತ್ಯದ ವಿಷಯದಲ್ಲಿ ಉದಾಸೀನ. ಓಕಾನೆಲ್ಲರ ಅನುಭವದಲ್ಲಿ ಅದೇ ಪದದ ಅರ್ಥ ಬೇರೆಯಾಗಿತ್ತು. ಎಲ್ಲ ಧರ್ಮಗಳೂ ಒಂದೇ ಎಂದು ಅವರು ಹೇಳಲಿಲ್ಲ. ಕಥೋಲಿಕ ವಿಶ್ವಾಸ ಸತ್ಯವಾಗಿರುವುದರಿಂದಲೇ ಅದಕ್ಕೆ ಕಾನೂನಿನ ಊರುಗೋಲು ಬೇಡವೆಂದರು. 1965ರ ಘೋಷಣೆ ಹಕ್ಕಿನ ಆಧಾರವನ್ನು ಮಾನವ ವ್ಯಕ್ತಿಯ ಘನತೆಯಲ್ಲಿ ಕಂಡು, ಸತ್ಯವು ತನ್ನ ಬಲದಿಂದಲೇ ಮನಸ್ಸನ್ನು ಗೆಲ್ಲುತ್ತದೆಂದು ಬೋಧಿಸುವಾಗ ಈ ನಿಲುವಿಗೆ ಹತ್ತಿರ ಬರುತ್ತದೆ. ಅವರಿಂದ ಮಹಾಸಭೆಗೆ ನೇರ ರೇಖೆ ಎಳೆಯುವುದು ಉತ್ಪ್ರೇಕ್ಷೆ. ಆದರೆ ವಿಶ್ವಾಸಿಗಳ ಬದುಕಿನಲ್ಲಿ ಪರೀಕ್ಷೆಗೊಳಗಾದ ಸತ್ಯವೊಂದು ಬೋಧನಾಧಿಕಾರದ ಮಾತಾಗಿ ರೂಪುಗೊಳ್ಳಲು ಎಷ್ಟು ಕಾಲ ಹಿಡಿಯಬಹುದೆಂಬುದಕ್ಕೆ ಈ 133 ವರ್ಷಗಳ ಅಂತರ ಒಳ್ಳೆಯ ಅಧ್ಯಯನವಸ್ತು.

ಕೊನೆಯ ವರ್ಷಗಳು ಸೋಲಿನವು. ಒಕ್ಕೂಟದ ರದ್ದತಿಗಾಗಿ 1843ರಲ್ಲಿ ನಡೆಸಿದ ಬೃಹತ್ ಸಭೆಗಳಿಗೆ ಲಕ್ಷಾಂತರ ಜನ ಸೇರಿದರು. ಅಕ್ಟೋಬರಿನಲ್ಲಿ ಕ್ಲೊಂಟಾರ್ಫ್ ಸಭೆಯನ್ನು ಸರ್ಕಾರ ನಿಷೇಧಿಸಿದಾಗ, ಸೈನ್ಯದ ಗುಂಡಿಗೆ ಜನರನ್ನು ಒಡ್ಡಲಾರೆನೆಂದು ಅವರು ಅದನ್ನು ರದ್ದುಪಡಿಸಿದರು. ಚಳವಳಿಯ ಕಸುವು ಅಲ್ಲಿಗೆ ಮುಗಿಯಿತು. ಮರುವರ್ಷ ಕೆಲವು ತಿಂಗಳು ಸೆರೆವಾಸವಾಯಿತು. ಸರ್ಕಾರದ ಹೊಸ ಕಾಲೇಜುಗಳಲ್ಲಿ ಧರ್ಮಬೋಧೆ ಇರುವುದಿಲ್ಲವೆಂದು 1845ರಲ್ಲಿ ಧರ್ಮಾಧ್ಯಕ್ಷರೊಡಗೂಡಿ ವಿರೋಧಿಸಿ ಯುವ ಸಹಚರರೊಡನೆ ಕಡಿದುಕೊಂಡರು. ಇಲ್ಲಿ ಅವರ ಕಿವಿ ಧರ್ಮಾಧ್ಯಕ್ಷರ ಕಡೆಗೆ ಹೆಚ್ಚು ವಾಲಿತ್ತೆಂದು ನನಗನ್ನಿಸುತ್ತದೆ. ಇನ್ನೊಂದು ಮಾತು: ಬಾಲ್ಯದಿಂದಲೇ ಐರಿಷ್ ನುಡಿಯನ್ನು ಬಲ್ಲ ಅವರು ಆ ನುಡಿ ಅಳಿಯುವುದನ್ನು ವಿಶೇಷ ವ್ಯಥೆಯಿಲ್ಲದೆ ನೋಡಿದರು. ಕನ್ನಡದಲ್ಲಿ ದೈವಶಾಸ್ತ್ರವನ್ನು ಬರೆಯಹೊರಟವರಿಗೆ ಇದು ಸಹ್ಯವಾಗುವ ಸಂಗತಿಯಲ್ಲ.

ಆಲೂಗಡ್ಡೆಯ ಬೆಳೆ ಕೊಳೆತು ಕ್ಷಾಮ ಬಂತು. 1847ರ ಫೆಬ್ರುವರಿ 8ರಂದು ಕಾಮನ್ಸ್ ಸಭೆಯಲ್ಲಿ ಅವರು ಕೊನೆಯ ಬಾರಿ ಮಾತನಾಡಿದರು. ಬಯಲಲ್ಲಿ ಲಕ್ಷ ಜನರಿಗೆ ಕೇಳಿಸುತ್ತಿದ್ದ ಧ್ವನಿ ಈಗ ಹತ್ತಿರದ ಆಸನಗಳಿಗೂ ಕೇಳಿಸದಾಗಿತ್ತು. ಪಾರ್ಲಿಮೆಂಟು ನೆರವಾಗದಿದ್ದರೆ ಐರ್ಲೆಂಡಿನ ಜನರಲ್ಲಿ ಕಾಲು ಭಾಗ ನಾಶವಾಗುವರೆಂದು ಅವರು ಎಚ್ಚರಿಸಿದರು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಸಂಖ್ಯೆಯ ಜನ ನಾಡು ಬಿಟ್ಟರು. ಹೊಸ ಜಗದ್ಗುರು ಒಂಬತ್ತನೆಯ ಪಯಸ್ ಅವರ ಆಶೀರ್ವಾದ ಪಡೆಯಲು ರೋಮಿಗೆ ಹೊರಟ ಓಕಾನೆಲ್ ದಾರಿಯಲ್ಲಿ ಜಿನೋವಾ ನಗರದಲ್ಲಿ 1847ರ ಮೇ 15ರಂದು, ಕಾಮನ್ಸ್ ಸಭೆಯಲ್ಲಿ ಹಳೆಯ ಪ್ರಮಾಣವನ್ನು ಮೊದಲು ನಿರಾಕರಿಸಿದ ದಿನದಿಂದ ಸರಿಯಾಗಿ ಹದಿನೆಂಟು ವರ್ಷಕ್ಕೆ, ನಿಧನರಾದರು. ಅವರ ಇಚ್ಛೆಯಂತೆ ಹೃದಯವನ್ನು ರೋಮಿಗೆ ಒಯ್ದು ಐರಿಷ್ ಕಾಲೇಜಿನ ದೇವಾಲಯದಲ್ಲಿ ಇರಿಸಲಾಯಿತು. ಕಾಲೇಜು ಸ್ಥಳಾಂತರವಾದಾಗ ಅದು ಅಲ್ಲಿ ಸಿಗಲಿಲ್ಲ. ದೇಹ ಡಬ್ಲಿನ್ನಿನ ಗ್ಲಾಸ್‌ನೆವಿನ್ ಸ್ಮಶಾನಕ್ಕೆ ಬಂತು. ಪ್ರಾಟೆಸ್ಟೆಂಟ್ ಸ್ಮಶಾನಗಳಲ್ಲಿ ಕಥೋಲಿಕ ಗುರುಗಳು ಸಮಾಧಿಯ ಬಳಿ ಪ್ರಾರ್ಥಿಸಲು ಅಡ್ಡಿಯಾಗುತ್ತಿದ್ದುದನ್ನು ಕಂಡು ಅವರ ಪ್ರಯತ್ನದಿಂದಲೇ 1832ರಲ್ಲಿ ಆರಂಭವಾದ ಸ್ಮಶಾನ ಅದು. ಕಥೋಲಿಕರಿಗೆಂದು ಮೀಸಲಿಡದೆ, ಎಲ್ಲ ಧರ್ಮದವರನ್ನೂ ಅವರವರ ವಿಧಿಯಂತೆ ಅಲ್ಲಿ ಹೂಳಬಹುದೆಂಬ ನಿಯಮವನ್ನು ಅವರು ಮೊದಲ ದಿನದಿಂದಲೇ ಇರಿಸಿದ್ದರು.